ಡಿಸೈನ್ ಪಾರ್ಟಿಯದ್ದು, ಹೊಣೆ ಯಾರದ್ದು? ಲೈಸೆನ್ಸ್ ಇರುವ ಸರಕನ್ನು ಮುದ್ರಿಸಿಕೊಡುವವರಿಗೆ ಕಾನೂನು ಮಾರ್ಗದರ್ಶಿ

ಟೀ ಶರ್ಟ್, ಮಗ್, ಕ್ಯಾಪ್, ಸ್ಟಿಕ್ಕರ್, ಬಟ್ಟೆ ಚೀಲಗಳನ್ನು ಮುದ್ರಿಸಿಕೊಡುವ ಘಟಕಗಳ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಡಿಸೈನ್ ಪಾರ್ಟಿಯದ್ದು, ಬಟ್ಟೆಯೂ ಪಾರ್ಟಿಯದ್ದು, ನಾವು ಕೂಲಿಗೆ ಪ್ರಿಂಟ್ ಹಾಕಿಕೊಟ್ಟಿದ್ದೇವೆ ಅಷ್ಟೆ. ನಾಳೆ ತಕರಾರು ಬಂದರೆ ನಮಗೇನು ಸಂಬಂಧ?"

ಸಂಬಂಧ ಇದೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರ 51ನೇ ಕಲಂ ಪ್ರಕಾರ, ಅನುಮತಿಯಿಲ್ಲದೆ ಕೃತಿಯ ಪ್ರತಿ ತೆಗೆದವರೂ, ಅಂಥ ಪ್ರತಿಗಳನ್ನು ಮಾರಾಟಕ್ಕಾಗಿ ತಯಾರಿಸಿದವರೂ ಉಲ್ಲಂಘನೆ ಮಾಡಿದವರೇ ಆಗುತ್ತಾರೆ. ಆರ್ಡರ್ ಕೊಟ್ಟವರು ಬೇರೆ ಎಂಬುದು ಉಲ್ಲಂಘನೆಯನ್ನು ಇಲ್ಲವಾಗಿಸುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಕೂಲಿ ಕೆಲಸ ಮಾಡುವ ಮುದ್ರಕರನ್ನು ಕಾನೂನು ಕೈಬಿಟ್ಟಿಲ್ಲ. ಅವರಿಗೆಂದೇ ಕೆಲವು ರಕ್ಷಣೆಗಳು ಕಾಯ್ದೆಗಳಲ್ಲೇ ಇವೆ. ಅವು ತಾವಾಗಿ ಒದಗಿ ಬರುವುದಿಲ್ಲ, ಮುದ್ರಣಕ್ಕೆ ಮೊದಲೇ ನೀವು ಏನು ಕೇಳಿದಿರಿ, ಏನು ನೋಡಿದಿರಿ, ಏನನ್ನು ಫೈಲಿನಲ್ಲಿ ಇಟ್ಟುಕೊಂಡಿರಿ ಎಂಬುದರ ಮೇಲೆ ನಿಂತಿವೆ. ಹೀಗಾಗಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಹಂತಗಳಿಗೆ ಹೋಗೋಣ.

ಕಾನೂನು ಕೊಡುವ ರಕ್ಷಣೆ ಎಷ್ಟು?

ಎರಡು ಬಗೆಯ ಹೊಣೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಕ್ರಿಮಿನಲ್, ಇನ್ನೊಂದು ಸಿವಿಲ್.

ಕ್ರಿಮಿನಲ್ ಹೊಣೆಯಲ್ಲಿ ನಿಮಗೆ ಏನು ತಿಳಿದಿತ್ತು ಎಂಬುದು ಮುಖ್ಯ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ತಿಳಿದೂ ಉಲ್ಲಂಘಿಸಿದವರಿಗೆ ಅಥವಾ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕರ್ನಾಟಕದಲ್ಲಿ ಇನ್ನೊಂದು ಮಾತೂ ಸೇರುತ್ತದೆ: ವಿಚಾರಣೆಯಿಲ್ಲದೆ ಮುಂಜಾಗ್ರತೆಯಾಗಿ ಬಂಧಿಸಿಡಲು ಅವಕಾಶ ಕೊಡುವ 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯು, ವ್ಯಾಪಾರಕ್ಕಾಗಿ ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸುವವರನ್ನು ‘ಡಿಜಿಟಲ್ ಅಪರಾಧಿ’ ಎಂಬ ವರ್ಗಕ್ಕೆ ಸೇರಿಸಿದೆ.

ಟ್ರೇಡ್‌ಮಾರ್ಕ್ ಕಾಯ್ದೆ 1999ರ 103ನೇ ಕಲಂನಲ್ಲೂ ಶಿಕ್ಷೆ ಇಷ್ಟೇ. ಆದರೆ ಅದೇ ಕಾಯ್ದೆಯ 112ನೇ ಕಲಂ ನಿಮ್ಮಂಥವರಿಗಾಗಿಯೇ ಬರೆದಂತಿದೆ. ನಾಲ್ಕು ಸಂಗತಿಗಳನ್ನು ಸಾಬೀತು ಮಾಡಿದರೆ ಆರೋಪಿಯನ್ನು ಬಿಡುಗಡೆ ಮಾಡಬೇಕು ಎಂದು ಅದು ಹೇಳುತ್ತದೆ: ಬೇರೆಯವರ ಪರವಾಗಿ ಚಿಹ್ನೆ ಹಾಕಿಕೊಡುವುದು ನಿಮ್ಮ ಎಂದಿನ ವೃತ್ತಿಯಾಗಿರಬೇಕು, ಆ ಕೆಲಸದಲ್ಲೂ ನೀವು ಹಾಗೆ ನೇಮಕಗೊಂಡವರಾಗಿದ್ದು, ಸರಕಿನ ಮಾರಾಟವನ್ನು ಅವಲಂಬಿಸಿದ ಲಾಭವಾಗಲಿ ಕಮಿಷನ್ ಆಗಲಿ ನಿಮಗೆ ಇರಬಾರದು, ತಕ್ಕ ಎಲ್ಲ ಮುನ್ನೆಚ್ಚರಿಕೆ ತೆಗೆದುಕೊಂಡ ಮೇಲೂ ಚಿಹ್ನೆಯ ಬಗ್ಗೆ ಅನುಮಾನಿಸಲು ಕಾರಣ ಇದ್ದಿರಬಾರದು, ಕೇಳಿದಾಗ, ಯಾರ ಪರವಾಗಿ ಮುದ್ರಿಸಿದಿರಿ ಎಂಬ ಮಾಹಿತಿಯನ್ನು ನಿಮಗೆ ಗೊತ್ತಿರುವಷ್ಟೂ ಕೊಟ್ಟಿರಬೇಕು. ಈ ನಾಲ್ಕನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಇವನ್ನು ಸಾಬೀತು ಮಾಡುವ ಸಿದ್ಧತೆಯೇ.

ಸಿವಿಲ್ ಹೊಣೆಯಲ್ಲಿ ರಕ್ಷಣೆ ಕಡಿಮೆ. ಕೃತಿಸ್ವಾಮ್ಯ ಕಾಯ್ದೆಯ 55ನೇ ಕಲಂ, ಕೃತಿಗೆ ಸ್ವಾಮ್ಯ ಇದೆ ಎಂಬುದೇ ತಿಳಿದಿರದ, ಹಾಗೆ ನಂಬಲು ಕಾರಣವೂ ಇರದ ಪ್ರತಿವಾದಿಗೆ ನಷ್ಟಪರಿಹಾರದಿಂದ ವಿನಾಯಿತಿ ಕೊಡುತ್ತದೆ. ಆಗಲೂ ತಡೆಯಾಜ್ಞೆ ಬರಬಹುದು, ಲಾಭದ ಪಾಲನ್ನು ಬಿಟ್ಟುಕೊಡಬೇಕಾಗಬಹುದು. ಇಲ್ಲೇ ಬಹಳ ಜನ ಎಡವುತ್ತಾರೆ. ಹೆಸರಾಂತ ಕಾರ್ಟೂನ್ ಪಾತ್ರವನ್ನು ಮುದ್ರಿಸುವವರಿಗೆ ಅದಕ್ಕೆ ಯಾರೋ ಹಕ್ಕುದಾರರಿದ್ದಾರೆ ಎಂಬುದು ಗೊತ್ತೇ ಇರುತ್ತದೆ. "ಪಾರ್ಟಿಯ ಹತ್ತಿರ ಲೈಸೆನ್ಸ್ ಇದೆ ಅಂದುಕೊಂಡೆ" ಎಂಬ ಮಾತು 55ನೇ ಕಲಂನ ವಿನಾಯಿತಿಗೆ ಸಾಲದು. ಟ್ರೇಡ್‌ಮಾರ್ಕ್ ಕಾಯ್ದೆಯ 29(7)ನೇ ಕಲಂ, ಅಧಿಕಾರ ಇಲ್ಲವೆಂದು ತಿಳಿದಿದ್ದರೆ ಅಥವಾ ಹಾಗೆ ನಂಬಲು ಕಾರಣವಿದ್ದರೆ ಮಾತ್ರ ಮುದ್ರಕರನ್ನು ಹೊಣೆಯಾಗಿಸುತ್ತದೆ, ನಿಜ. ಆದರೆ ಅದು ಲೇಬಲ್, ಪ್ಯಾಕಿಂಗ್, ವ್ಯಾಪಾರದ ಕಾಗದ, ಜಾಹೀರಾತು ಸಾಮಗ್ರಿಗಳ ಮಾತು. ಅಂಗಿಯ ಮೇಲೆಯೇ ಲೋಗೊ ಹಾಕಿದಾಗ ಅದೇ ಆಶ್ರಯ ಸಿಗುತ್ತದೆಂದು ನಂಬಿ ಕೂರಬೇಡಿ.

ಆದುದರಿಂದ ಪೊಲೀಸ್ ಪ್ರಕರಣದಿಂದ ನಿಮ್ಮನ್ನು ಕಾಯುವುದು ನೀವು ಪರಿಶೀಲಿಸಿದ ದಾಖಲೆ, ಸಿವಿಲ್ ದಾವೆಯ ಹಣದ ಪೆಟ್ಟಿನಿಂದ ಕಾಯುವುದು ಪಾರ್ಟಿಯೊಂದಿಗಿನ ಕರಾರು. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಹಂತ 1: ಡಿಸೈನ್‌ನಲ್ಲಿ ಯಾರ್‍ಯಾರ ಹಕ್ಕು ಇದೆ ಎಂದು ಬಿಡಿಸಿ ನೋಡಿ

ಒಂದು ಡಿಸೈನ್ ಎಂದರೆ ಒಂದೇ ಹಕ್ಕು ಎಂದು ತಿಳಿಯಬೇಡಿ. ರಾಜ್ಯೋತ್ಸವದ ಟೀ ಶರ್ಟ್ ಒಂದನ್ನು ಎದುರಿಗಿಟ್ಟುಕೊಳ್ಳಿ: ಎದೆಯ ಮೇಲೆ ಕವಿಯೊಬ್ಬರ ಸಾಲು, ಆ ಸಾಲನ್ನು ಬರೆದ ಅಕ್ಷರ ಕಲಾವಿದರ ಕೈಬರಹ, ಬೆನ್ನ ಮೇಲೆ ನಟರ ಭಾವಚಿತ್ರ, ತೋಳಿನ ಮೇಲೆ ಪ್ರಾಯೋಜಕ ಕಂಪನಿಯ ಲೋಗೊ. ಸಾಲಿಗೆ ಸಾಹಿತ್ಯ ಕೃತಿಯ ಸ್ವಾಮ್ಯ, ಕೈಬರಹಕ್ಕೆ ಕಲಾಕೃತಿಯ ಸ್ವಾಮ್ಯ, ಭಾವಚಿತ್ರಕ್ಕೆ ಛಾಯಾಗ್ರಾಹಕರ ಸ್ವಾಮ್ಯದ ಜೊತೆಗೆ ನಟರ ವ್ಯಕ್ತಿತ್ವದ ಹಕ್ಕು, ಲೋಗೊಗೆ ಟ್ರೇಡ್‌ಮಾರ್ಕ್. ಐದು ಕಡೆಯ ಅನುಮತಿ ಬೇಕಾದಲ್ಲಿ ಪಾರ್ಟಿ ಒಂದು ಕಡೆಯ ಪತ್ರ ತಂದು "ಎಲ್ಲ ಕ್ಲಿಯರ್" ಎನ್ನುವುದುಂಟು.

ಸಾಹಿತ್ಯ ಕೃತಿಯ ಸ್ವಾಮ್ಯ ಲೇಖಕರ ಮರಣದ ನಂತರದ ವರ್ಷದಿಂದ 60 ವರ್ಷ ಉಳಿಯುತ್ತದೆ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಪದ್ಯಗಳ ಸ್ವಾಮ್ಯ 2035ರ ಕೊನೆಯವರೆಗೆ ಇರುತ್ತದೆ. ಬೇಂದ್ರೆಯವರದು (1981) 2041ರವರೆಗೆ, ಕುವೆಂಪು ಅವರದು (1994) 2054ರವರೆಗೆ. ಕಾಫಿ ಮಗ್ಗಿನ ಮೇಲೆ ನಾಲ್ಕು ಸಾಲಿನ ಪದ್ಯ ಪೂರ್ತಿಯಾಗಿ ಬರುವಾಗ "ಎಲ್ಲರ ಬಾಯಲ್ಲಿರುವ ಪದ್ಯ" ಎಂಬುದು ಅನುಮತಿಯಾಗುವುದಿಲ್ಲ. 12ನೇ ಶತಮಾನದ ವಚನಗಳ ಪಠ್ಯಕ್ಕೆ ಸ್ವಾಮ್ಯವಿಲ್ಲ, ಆದರೆ ಇತ್ತೀಚಿನ ಕಲಾವಿದರು ಬರೆದ ಬಸವಣ್ಣನವರ ಚಿತ್ರಕ್ಕೆ ಇದೆ.

ಪ್ರಸಿದ್ಧರ ಮುಖ, ಹೆಸರು, ಧ್ವನಿ, ಹೆಸರಾದ ಮಾತುಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ ಅಮಿತಾಭ್ ಬಚ್ಚನ್ (2022), ಅನಿಲ್ ಕಪೂರ್ (2023) ಅವರ ಪ್ರಕರಣಗಳಲ್ಲಿ ತಡೆಯಾಜ್ಞೆ ಕೊಟ್ಟಿದೆ. ನಟರ ಹುಟ್ಟುಹಬ್ಬಕ್ಕೆ ಅಭಿಮಾನಿ ಸಂಘದವರು ತಾವೇ ತೊಡಲು ಮಾಡಿಸುವ ಟೀ ಶರ್ಟ್ ಬೇರೆ, ಅದೇ ಚಿತ್ರ ಹಾಕಿ ಮಾರುವ ಟೀ ಶರ್ಟ್ ಬೇರೆ. ಎರಡನೆಯದಕ್ಕೆ ಪತ್ರ ಕೇಳಲೇಬೇಕು.

ರಾಷ್ಟ್ರಲಾಂಛನ, ಸರ್ಕಾರದ ಮುದ್ರೆ, ಮಹಾತ್ಮ ಗಾಂಧಿ ಅಥವಾ ಪ್ರಧಾನಿಯವರ ಚಿತ್ರ ಇರುವ ವ್ಯಾಪಾರಿ ಕೆಲಸವನ್ನು ಖಾಸಗಿ ಪತ್ರದ ಆಧಾರದಲ್ಲಿ ಒಪ್ಪಿಕೊಳ್ಳಬೇಡಿ. ಅವು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ, 2005ರ ರಾಷ್ಟ್ರಲಾಂಛನ ಕಾಯ್ದೆಗಳ ವ್ಯಾಪ್ತಿಗೆ ಬರುತ್ತವೆ.

ಹಂತ 2: ಲೈಸೆನ್ಸ್ ಪತ್ರವನ್ನು ಕೇಳಿ, ಪೂರ್ತಿ ಓದಿ

ಲೈಸೆನ್ಸ್ ಎಂದರೆ ಹಕ್ಕುದಾರರು ತಮ್ಮ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡು, ಇಂತಿಷ್ಟು ಬಳಕೆಗೆ ಇನ್ನೊಬ್ಬರಿಗೆ ಕೊಡುವ ಅನುಮತಿ. ಕೃತಿಸ್ವಾಮ್ಯದ ಲೈಸೆನ್ಸ್ ಬರಹದಲ್ಲೇ ಇರಬೇಕು ಎಂದು 30ನೇ ಕಲಂ ಹೇಳುತ್ತದೆ. ಫೋನಿನಲ್ಲಿ "ಆಯ್ತು ಮಾಡಿ" ಎಂದದ್ದನ್ನು ಲೈಸೆನ್ಸ್ ಎಂದು ಭಾವಿಸಬೇಡಿ.

ಪಾರ್ಟಿಗಳು ರಾಯಧನದ ದರ ಗುಟ್ಟಿನದು ಎಂದು ಪತ್ರ ತೋರಿಸಲು ಹಿಂಜರಿಯುತ್ತಾರೆ. ಅದು ನ್ಯಾಯವಾದ ಹಿಂಜರಿಕೆಯೇ. ಹಣದ ಅಂಕಿಗಳಿಗೆ ಕಪ್ಪು ಬಳಿದು ಉಳಿದ ಪುಟಗಳನ್ನು ಕೊಡಿ ಎಂದು ಕೇಳಿ. ಮೊದಲ ಪುಟ ಮತ್ತು ಸಹಿಯ ಪುಟ ಮಾತ್ರ ಕೊಟ್ಟರೆ ಒಪ್ಪಬೇಡಿ, ಏಕೆಂದರೆ ನಿಮಗೆ ಬೇಕಾದದ್ದು ನಡುವಿನ ಪುಟಗಳಲ್ಲಿ ಇರುತ್ತದೆ.

ಲೈಸೆನ್ಸ್ ಪಡೆದವರ ಹೆಸರೂ ನೀವು ಬಿಲ್ ಹಾಕುವ ಹೆಸರೂ ಒಂದೇ ಆಗಿರಬೇಕು. ಕಂಪನಿಯ ಹೆಸರಿನಲ್ಲಿ ಲೈಸೆನ್ಸ್ ಇದ್ದು, ಆರ್ಡರ್ ಅದರ ನಿರ್ದೇಶಕರ ಇನ್ನೊಂದು ಸಂಸ್ಥೆಯಿಂದ ಬಂದರೆ ಅಲ್ಲಿಗೇ ನಿಲ್ಲಿಸಿ. ಬಳಿಕ ಯಾವ ಸರಕಿಗೆ ಅನುಮತಿ ಎಂದು ನೋಡಿ: ಉಡುಪಿಗೆ ಸಿಕ್ಕ ಅನುಮತಿ ಮಗ್ಗಿಗೆ ಅನ್ವಯಿಸುವುದಿಲ್ಲ. ಆಮೇಲೆ ಅವಧಿ, ಪ್ರದೇಶ, ಗರಿಷ್ಠ ಸಂಖ್ಯೆ. ಕೃತಿಸ್ವಾಮ್ಯದ ಲೈಸೆನ್ಸ್‌ನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 19 ಮತ್ತು 30ಎ ಕಲಂಗಳು ಭಾವಿಸುತ್ತವೆ. ಹೀಗಾಗಿ ಸರಕು ದುಬೈಗೋ ಸಿಂಗಪುರಕ್ಕೋ ಹೋಗುತ್ತದೆ ಎಂದು ಪಾರ್ಟಿ ಹೇಳಿದರೆ ಆ ದೇಶದ ಹೆಸರು ಪತ್ರದಲ್ಲಿ ಇರಬೇಕು. ಅವಧಿ ಮುಗಿದ ಮೇಲೆ ಉಳಿದ ದಾಸ್ತಾನು ಮಾರಿಕೊಳ್ಳಲು ಕೆಲವು ತಿಂಗಳು ಕೊಟ್ಟಿರುತ್ತಾರೆ; ಅದು ಮಾರಲು ಕೊಟ್ಟ ಕಾಲ, ಹೊಸದಾಗಿ ಮುದ್ರಿಸಲು ಕೊಟ್ಟದ್ದಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ತಯಾರಕರ ಅನುಮತಿ. ಅನೇಕ ಲೈಸೆನ್ಸ್‌ಗಳಲ್ಲಿ ಹೊರಗಿನ ಘಟಕದಿಂದ ಮಾಡಿಸುವುದಾದರೆ ಆ ಘಟಕದ ಹೆಸರಿಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಇರುತ್ತದೆ. ಪಾರ್ಟಿಯ ಲೈಸೆನ್ಸ್ ಅಪ್ಪಟವಾಗಿದ್ದರೂ ನಿಮ್ಮ ಘಟಕದ ಹೆಸರು ಅದರಲ್ಲಿ ಇಲ್ಲದಿದ್ದರೆ ನಿಮ್ಮ ಮುದ್ರಣ ಅನುಮತಿಯ ಹೊರಗೆ ಬೀಳಬಹುದು. ಅಂಥ ಷರತ್ತು ಕಂಡರೆ ನಿಮ್ಮ ಘಟಕದ ಹೆಸರು, ವಿಳಾಸ ಇರುವ ಒಪ್ಪಿಗೆ ಪತ್ರ ಬರುವವರೆಗೆ ಫ್ರೇಮ್ (ಚಿತ್ರ ಮೂಡಿಸಿ ಮುದ್ರಿಸುವ ಜಾಲರಿ ಚೌಕಟ್ಟು) ಎಕ್ಸ್‌ಪೋಸ್ ಮಾಡಬೇಡಿ. ನೀವೇ ಕೆಲಸವನ್ನು ಇನ್ನೊಂದು ಅಂಗಡಿಗೆ ದಾಟಿಸುವುದಾದರೂ ಇದೇ ಮಾತು.

ಹಂತ 3: ನೀವೇ ಒಮ್ಮೆ ತಾಳೆ ನೋಡಿ

ಟ್ರೇಡ್‌ಮಾರ್ಕ್ ನೋಂದಾಯಿಸುವ ಸರ್ಕಾರಿ ಕಚೇರಿಯ ಜಾಲತಾಣವಾದ ಐಪಿ ಇಂಡಿಯಾದ ಸಾರ್ವಜನಿಕ ಹುಡುಕಾಟದಲ್ಲಿ ಟ್ರೇಡ್‌ಮಾರ್ಕ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಶುಲ್ಕವಿಲ್ಲದೆ ನೋಡಬಹುದು. ಉಡುಪು 25ನೇ ವರ್ಗ, ಮಗ್ 21ನೇ ವರ್ಗ, ಕಾಗದ ಮತ್ತು ಸ್ಟೇಷನರಿ 16ನೇ ವರ್ಗ. ಲೈಸೆನ್ಸ್ ಕೊಟ್ಟವರ ಹೆಸರೂ ನೋಂದಣಿಯ ಹೆಸರೂ ಕೂಡದಿದ್ದರೆ ವಿವರಣೆ ಕೇಳಿ. ಆ ಪುಟವನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ. ‘ತಕ್ಕ ಮುನ್ನೆಚ್ಚರಿಕೆ’ಗೆ ಅದು ಸಾಕ್ಷಿ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ನೋಂದಣಿ ಕಾಣಲಿಲ್ಲ ಎಂದರೆ ಹಕ್ಕು ಇಲ್ಲ ಎಂದಲ್ಲ. ದೊಡ್ಡ ಆರ್ಡರ್ ಆದರೆ ಹಕ್ಕುದಾರರ ಅಧಿಕೃತ ಇಮೇಲ್‌ಗೆ ಪಾರ್ಟಿಯ ಒಪ್ಪಿಗೆ ಪಡೆದು ಬರೆಯಿರಿ. ಪಾರ್ಟಿ ಅದಕ್ಕೆ ಅಡ್ಡಿ ಮಾಡಿದರೆ ಆ ಕೆಲಸವನ್ನು ಬಿಟ್ಟುಕೊಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹಂತ 4: ಕರಾರು ಮಾಡಿಕೊಳ್ಳಿ

ಇಂಡೆಮ್ನಿಟಿ ಎಂದರೆ ತನ್ನಿಂದಾಗಿ ಅಥವಾ ಬೇರೆಯವರಿಂದಾಗಿ ನಿಮಗೆ ಬರುವ ನಷ್ಟವನ್ನು ತಾನು ತುಂಬಿಕೊಡುತ್ತೇನೆ ಎಂಬ ವಾಗ್ದಾನ. ಕರಾರು ಕಾಯ್ದೆ 1872ರ 124ನೇ ಕಲಂ ಇದನ್ನು ವಿವರಿಸುತ್ತದೆ; ದಾವೆಯಲ್ಲಿ ಕಟ್ಟಬೇಕಾದ ಪರಿಹಾರ, ವಕೀಲರ ಖರ್ಚು, ವಿವೇಕದಿಂದ ಮಾಡಿಕೊಂಡ ರಾಜಿಯ ಮೊತ್ತ ಇವನ್ನು ವಸೂಲು ಮಾಡುವ ಹಕ್ಕನ್ನು 125ನೇ ಕಲಂ ಕೊಡುತ್ತದೆ. ವರ್ಕ್ ಆರ್ಡರ್‌ನಲ್ಲಿ ಈ ಒಕ್ಕಣೆಯನ್ನು ಬಳಸಬಹುದು:

"ಈ ಆರ್ಡರ್‌ನ ಜೊತೆಗೆ ಲಗತ್ತಿಸಿದ ವಿನ್ಯಾಸವನ್ನು ಇಲ್ಲಿ ಹೇಳಿದ ಸರಕಿನ ಮೇಲೆ, ಇಲ್ಲಿ ಹೇಳಿದ ಸಂಖ್ಯೆಯಲ್ಲಿ, ಈ ಮುದ್ರಣ ಘಟಕದಿಂದ ಮಾಡಿಸಲು ಬೇಕಾದ ಎಲ್ಲ ಹಕ್ಕು ಮತ್ತು ಅನುಮತಿಗಳು ನಮ್ಮಲ್ಲಿವೆ. ಈ ವಿನ್ಯಾಸದ ಕಾರಣ ಯಾರಾದರೂ ಮುದ್ರಕರ ಮೇಲೆ ತಕರಾರು, ದಾವೆ ಅಥವಾ ದೂರು ತಂದರೆ ಅದರಿಂದ ಆಗುವ ಪರಿಹಾರದ ಮೊತ್ತ, ವಕೀಲರ ಶುಲ್ಕ, ಜಪ್ತಿಯಾದ ಸಾಮಗ್ರಿಯ ಬೆಲೆ ಮತ್ತು ಕೆಲಸ ನಿಂತ ನಷ್ಟವನ್ನು ನಾವು ಭರಿಸುತ್ತೇವೆ. ತಕರಾರು ಬಂದ ಕೂಡಲೇ ಕೆಲಸ ನಿಲ್ಲಿಸುವ ಹಕ್ಕು ಮುದ್ರಕರಿಗೆ ಇದೆ. ಆಗ ತಡವಾದುದಕ್ಕೆ ದಂಡ ಕೇಳುವುದಿಲ್ಲ, ಅಲ್ಲಿಯವರೆಗಿನ ಕೆಲಸದ ಹಣವನ್ನು ಕೊಡುತ್ತೇವೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ನೋಟಿಸ್ ಬಂದ ದಿನ ಮುದ್ರಿಸಿದರೆ ಹಕ್ಕುದಾರರ ಕಡೆಯಿಂದ, ನಿಲ್ಲಿಸಿದರೆ ಪಾರ್ಟಿಯ ಕಡೆಯಿಂದ ಸಿಕ್ಕಿಬೀಳುತ್ತೀರಿ.

ಈ ಕರಾರಿಗೂ ಮಿತಿ ಇದೆ. ಅಕ್ರಮವೆಂದು ಇಬ್ಬರಿಗೂ ತಿಳಿದೇ ಮಾಡಿದ ಕೆಲಸಕ್ಕೆ ಇಂಡೆಮ್ನಿಟಿ ಬರೆಸಿಕೊಂಡರೆ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಅದು ಅನೂರ್ಜಿತ. ಇನ್ನೊಬ್ಬರ ಸೆರೆವಾಸವನ್ನು ಯಾರೂ ತುಂಬಿಕೊಡಲಾರರು. ಕೈಯಲ್ಲಿ ಆಸ್ತಿ ಇಲ್ಲದ, ಒಂದು ಕಾರ್ಯಕ್ರಮಕ್ಕಾಗಿ ಹುಟ್ಟಿಕೊಂಡ ಸಂಸ್ಥೆಯ ವಾಗ್ದಾನದಿಂದ ಹಣ ಬರುವುದಿಲ್ಲ. ಅಂಥಲ್ಲಿ ನಿರ್ದೇಶಕರ ವೈಯಕ್ತಿಕ ಖಾತರಿಯನ್ನೂ ಪೂರ್ಣ ಮುಂಗಡವನ್ನೂ ಕೇಳಿ. ಸಹಿ ಮಾಡುವವರಿಗೆ ಅಧಿಕಾರ ಇದೆಯೇ ಎಂದು ನೋಡಿ, ಜಿಎಸ್‌ಟಿ ನೋಂದಣಿ, ಪ್ಯಾನ್, ವಿಳಾಸದ ಪ್ರತಿ ಪಡೆಯಿರಿ. ತಕ್ಕ ಮೌಲ್ಯದ ಇ-ಸ್ಟ್ಯಾಂಪ್ ಹಾಕಿಸಿ.

ಹಣದ ಲೆಕ್ಕವನ್ನು ಪ್ರತಿ ಪೀಸಿಗೆ ಇಷ್ಟು ಕೂಲಿ ಎಂದೇ ಬರೆಯಿರಿ. "ಮಾರಾಟವಾದ ಮೇಲೆ ಲಾಭದಲ್ಲಿ ಪಾಲು ಕೊಡುತ್ತೇನೆ" ಎಂಬ ಪ್ರಸ್ತಾಪ ಎಷ್ಟೇ ಆಕರ್ಷಕವಾಗಿದ್ದರೂ, ಅದನ್ನು ಒಪ್ಪಿದ ದಿನ 112ನೇ ಕಲಂನ ಎರಡನೆಯ ಷರತ್ತು ಮುರಿದುಬೀಳುತ್ತದೆ.

ಹಂತ 5: ಎಣಿಕೆ ಇಟ್ಟು ಮುದ್ರಿಸಿ

ಹಕ್ಕುದಾರರು ಒಪ್ಪಿದ ಅಂತಿಮ ಪ್ರೂಫ್ ಯಾವುದೋ ಅದನ್ನೇ ಮುದ್ರಿಸಬೇಕು. ಬಣ್ಣ ಸ್ವಲ್ಪ ಬದಲಿಸಿ, ಲೋಗೊ ಎರಡು ಇಂಚು ದೊಡ್ಡದು ಮಾಡಿ ಎಂಬ ಕೊನೇ ಗಳಿಗೆಯ ವಾಟ್ಸ್‌ಆ್ಯಪ್ ಸಂದೇಶಕ್ಕೆ ಹೊಸ ಪ್ರೂಫ್, ಹೊಸ ಒಪ್ಪಿಗೆ ಬೇಕು.

ಇನ್ನು ಹೆಚ್ಚುವರಿ ಪ್ರತಿಗಳು. ಹಾಳಾಗುವ ಲೆಕ್ಕದಲ್ಲಿ 500ರ ಆರ್ಡರ್‌ಗೆ 515 ಪೀಸ್ ಹಾಕುವುದು ಈ ಕಸುಬಿನ ರೂಢಿ. ಹಾಳಾದದ್ದು 6, ಉಳಿದದ್ದು 9. ಆ ಒಂಬತ್ತು ಅಂಗಿಗಳು ಹುಡುಗರಿಗೆ ತೊಡಲು ಹೋಗುತ್ತವೆ, ಒಂದೆರಡು ಸ್ಯಾಂಪಲ್ ಆಗಿ ಗೋಡೆಗೆ ಏರುತ್ತವೆ, ಮಿಸ್‌ಪ್ರಿಂಟ್ ಆದವು ಲಾಟ್ ವ್ಯಾಪಾರಿಯ ಮೂಲಕ ಫುಟ್‌ಪಾತಿಗೆ ಸೇರುತ್ತವೆ. ಲೈಸೆನ್ಸ್ 500ಕ್ಕೆ ಮಾತ್ರ ಇದ್ದರೆ 501ನೆಯದನ್ನು ಮಾರಿದವರು ಅನುಮತಿ ಇಲ್ಲದೆ ಮಾರಿದವರೇ, ಮತ್ತು ಇಲ್ಲಿ ಪಾರ್ಟಿಯ ಕಡೆ ಬೆರಳು ತೋರಲು ಆಗುವುದಿಲ್ಲ. ಆದ್ದರಿಂದ ವೇಸ್ಟೇಜ್ ಎಷ್ಟು ಶೇಕಡಾ ಎಂದು ವರ್ಕ್ ಆರ್ಡರ್‌ನಲ್ಲೇ ಬರೆಯಿರಿ, ಜಾಬ್ ಕಾರ್ಡಿನಲ್ಲಿ ಹಾಕಿದ್ದು, ಒಳ್ಳೆಯದು, ಕೆಟ್ಟದ್ದು ಮೂರನ್ನೂ ನಮೂದಿಸಿ, ಮಿಕ್ಕವನ್ನು ಪಾರ್ಟಿಗೆ ಒಪ್ಪಿಸಿ ಡೆಲಿವರಿ ಚಲನ್‌ನಲ್ಲಿ ಸಹಿ ಪಡೆಯಿರಿ, ಇಲ್ಲವೇ ಕತ್ತರಿಸಿ ಫೋಟೊ ತೆಗೆದಿಡಿ. ಹೋಲೋಗ್ರಾಮ್ ಟ್ಯಾಗ್ ಕೊಟ್ಟಿದ್ದರೆ ಅದರ ಎಣಿಕೆಯೂ ಸರಿಹೊಂದಬೇಕು. ನಿಮ್ಮ ಅಂಗಡಿಯ ಪ್ರಚಾರಕ್ಕೆ ಆ ಅಂಗಿಯ ಚಿತ್ರ ಹಾಕಿಕೊಳ್ಳಲೂ ಲಿಖಿತ ಒಪ್ಪಿಗೆ ಬೇಕು.

ಪಾರ್ಟಿ ಬಾಕಿ ಕೊಡದಿದ್ದರೆ, ಅವರು ತಂದುಕೊಟ್ಟ ಬಟ್ಟೆಯ ಮೇಲೆ ನಿಮ್ಮ ಕೂಲಿ ಬರುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯ್ದೆಯ 170ನೇ ಕಲಂ ಕೊಡುತ್ತದೆ. ಹಿಡಿದಿಟ್ಟುಕೊಳ್ಳುವ ಹಕ್ಕು ಮಾತ್ರ. ಬಾಕಿಗೆಂದು ಆ ಸರಕನ್ನು ಪೇಟೆಯಲ್ಲಿ ಮಾರಿದರೆ, ಅಲ್ಲಿಯವರೆಗೆ ನಿರಪರಾಧಿಯಾಗಿದ್ದ ನೀವೇ ಉಲ್ಲಂಘನೆ ಮಾಡಿದವರಾಗುತ್ತೀರಿ.

ಹಂತ 6: ಫ್ರೇಮ್, ಫಿಲ್ಮ್, ಫೈಲ್‌ಗಳನ್ನು ವಿಲೇವಾರಿ ಮಾಡಿ

ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಪ್ಲೇಟ್’ ಎಂಬ ಪದಕ್ಕೆ ವಿಶಾಲ ಅರ್ಥವಿದೆ: ಅಚ್ಚು, ಬ್ಲಾಕ್, ಟ್ರಾನ್ಸ್‌ಫರ್, ನೆಗೆಟಿವ್, ಪ್ರತಿ ತೆಗೆಯಲು ಬಳಸುವ ಇತರ ಸಾಧನ ಎಲ್ಲವೂ ಸೇರುತ್ತವೆ. ರ್‍ಯಾಕಿನಲ್ಲಿ ಒರಗಿಸಿಟ್ಟ ಹಳೆಯ ಫ್ರೇಮಿನ ಮೆಶ್ ಮೇಲೆ ಕಳೆದ ವರ್ಷದ ಚಿತ್ರ ತಿಳಿಯಾಗಿ ಉಳಿದಿರುತ್ತದೆ. ಡಿಟಿಎಫ್ ಫಿಲ್ಮಿನ (ಚಿತ್ರವನ್ನು ಮೊದಲು ಇದರ ಮೇಲೆ ಮುದ್ರಿಸಿ ಬಟ್ಟೆಗೆ ವರ್ಗಾಯಿಸುತ್ತಾರೆ) ಮಿಕ್ಕ ರೋಲಿನಲ್ಲಿ ನಲವತ್ತು ಲೋಗೊ ಉಳಿದಿರುತ್ತವೆ. ಅನುಮತಿಯಿಲ್ಲದ ಪ್ರತಿ ತೆಗೆಯಲೆಂದು ತಿಳಿದೂ ಪ್ಲೇಟ್ ಇಟ್ಟುಕೊಳ್ಳುವುದು 65ನೇ ಕಲಂ ಪ್ರಕಾರ 2 ವರ್ಷದವರೆಗೆ ಶಿಕ್ಷೆಯ ಅಪರಾಧ. ನಿಮ್ಮ ಉದ್ದೇಶ ಅದಲ್ಲದಿದ್ದರೂ, ಲೈಸೆನ್ಸ್ ಮುಗಿದ ಮೇಲೆ ಅವು ಅಂಗಡಿಯಲ್ಲಿ ಸಿಕ್ಕರೆ ವಿವರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಕೆಲಸ ಮುಗಿದ ಕೂಡಲೇ ಫ್ರೇಮ್ ತೊಳೆದು ಚಿತ್ರ ಅಳಿಸಿ, ಫಿಲ್ಮ್ ಕತ್ತರಿಸಿ, ಜಾಬ್ ಕಾರ್ಡಿನಲ್ಲಿ ದಿನಾಂಕ ಬರೆಯಿರಿ. ಡಿಸೈನ್ ಫೈಲನ್ನು ಸಾಕ್ಷಿಗಾಗಿ ಮಾಲೀಕರ ಬಳಿ ಮಾತ್ರ ಇಟ್ಟು, ಕೆಲಸದ ಕಂಪ್ಯೂಟರ್‌ಗಳಿಂದ ತೆಗೆಯಿರಿ.

ಹಂತ 7: ದಾಖಲೆ ಕಾಪಾಡಿ

ಪ್ರತಿ ಆರ್ಡರ್‌ಗೆ ಒಂದು ಫೈಲ್. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕಾದ್ದರಿಂದ ಇವನ್ನೂ ಅಷ್ಟು ಕಾಲ ಇಡಿ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಫೋನ್ ಬದಲಿಸುವ ಮೊದಲೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವೂ ಬೇಕು, ಬರಿಯ ಸ್ಕ್ರೀನ್‌ಶಾಟ್ ಸಾಲದು.

ಹಂತ 8: ನೋಟಿಸ್ ಅಥವಾ ಪೊಲೀಸರು ಬಂದರೆ

ಮೊದಲು ಯಂತ್ರ ನಿಲ್ಲಿಸಿ. ಟ್ರೇಡ್‌ಮಾರ್ಕ್ ಕಾಯ್ದೆಯ 135(3)ನೇ ಕಲಂ ನಷ್ಟಪರಿಹಾರದಿಂದ ಕೊಡುವ ವಿನಾಯಿತಿಗೆ, ಹಕ್ಕು ತಿಳಿದ ಕೂಡಲೇ ಬಳಕೆ ನಿಲ್ಲಿಸಿರಬೇಕು ಎಂಬ ಷರತ್ತೂ ಇದೆ. ಸರಕನ್ನು ಸುಡುವುದು, ಸಾಗಿಸುವುದು, ಫೈಲ್ ಅಳಿಸುವುದು ಬೇಡ. "ಗೊತ್ತಿಲ್ಲದೆ ಆಯಿತು, ಕ್ಷಮಿಸಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಬೇಡಿ. ಉತ್ತರವನ್ನು ವಕೀಲರ ಮೂಲಕವೇ ಕೊಡಿ. ಅದೇ ದಿನ ಪಾರ್ಟಿಗೆ ಇಂಡೆಮ್ನಿಟಿಯ ಷರತ್ತು ನಮೂದಿಸಿ ಲಿಖಿತವಾಗಿ ತಿಳಿಸಿ. ತಡೆಯಾಜ್ಞೆ ನಿಮಗೆ ತಿಳಿಯದಂತೆ ಬರಬಹುದು ಎನಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಅಡಿ ಕೇವಿಯಟ್ ಹಾಕಿಸಿ, ಅಂದರೆ ‘ನಮ್ಮನ್ನು ಕೇಳದೆ ಆದೇಶ ಮಾಡಬೇಡಿ’ ಎಂಬ ಮುಂಚಿತ ಅರ್ಜಿ. ಅದು 90 ದಿನ ಊರ್ಜಿತ. ಹಕ್ಕುದಾರರು ತಾವು ವ್ಯವಹಾರ ನಡೆಸುವ ಊರಿನಲ್ಲೂ ದಾವೆ ಹೂಡಲು ಕಾಯ್ದೆಗಳಲ್ಲಿ ಅವಕಾಶವಿರುವುದರಿಂದ, ಯಾವ ಊರಿನ ನ್ಯಾಯಾಲಯದಲ್ಲಿ ಹಾಕಿಸಬೇಕೆಂದು ವಕೀಲರನ್ನು ಕೇಳಿ. ಬೆದರಿಕೆ ಆಧಾರವಿಲ್ಲದ್ದಾದರೆ ನೀವೇ ದಾವೆ ಹೂಡಲು ಕೃತಿಸ್ವಾಮ್ಯ ಕಾಯ್ದೆಯ 60, ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಕಲಂಗಳು ಅವಕಾಶ ಕೊಡುತ್ತವೆ.

ಪೊಲೀಸರು ಬಂದರೆ ದೂರು ಯಾವ ಕಾಯ್ದೆಯದು ಎಂದು ಕೇಳಿ. ಕೃತಿಸ್ವಾಮ್ಯದ್ದಾದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು. ಟ್ರೇಡ್‌ಮಾರ್ಕ್‌ನದ್ದಾದರೆ ಡಿವೈಎಸ್‌ಪಿ ಅಥವಾ ತತ್ಸಮಾನ ದರ್ಜೆಯವರಾಗಿರಬೇಕು, ಮತ್ತು ಶೋಧಕ್ಕೆ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದಿರಬೇಕು. ಅಡ್ಡಿಪಡಿಸಬೇಡಿ, ಆದರೆ ಮಹಜರಿನಲ್ಲಿ ಏನು ಬರೆಯುತ್ತಿದ್ದಾರೆ ಎಂದು ಓದಿ: ಎಷ್ಟು ಅಂಗಿ, ಎಷ್ಟು ಫ್ರೇಮ್, ಹೀಟ್ ಪ್ರೆಸ್ ಮೇಲಿನ ಸೀರಿಯಲ್ ನಂಬರ್ ಯಾವುದು, ಬೇರೆ ಪಾರ್ಟಿಗಳ ಸರಕು ಅದರಲ್ಲಿ ಬೆರೆತಿದೆಯೇ. ಆರ್ಡರ್ ಕೊಟ್ಟವರು ಯಾರು ಎಂದು ಕೇಳಿದಾಗ ಹಳೆಯ ಗಿರಾಕಿ ಎಂದು ಮುಚ್ಚಿಡಬೇಡಿ. ಹೆಸರು ಹೇಳುವುದು 112ನೇ ಕಲಂನ ನಾಲ್ಕನೆಯ ಷರತ್ತು. ಫೈಲಿನ ಮೂಲವನ್ನು ಕೊಡುವಾಗ ಸ್ವೀಕೃತಿ ಪಡೆದು, ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ಜಪ್ತಿಯಾದ ದಿನದಿಂದ 15 ದಿನದೊಳಗೆ, ಸರಕು ಮತ್ತು ಸಾಮಗ್ರಿಯನ್ನು ಮರಳಿ ಕೊಡಿಸುವಂತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಎರಡೂ ಕಾಯ್ದೆಗಳಲ್ಲಿ ಅವಕಾಶವಿದೆ. ಅರ್ಜಿಯ ಜೊತೆಗೆ ಲೈಸೆನ್ಸ್ ಪ್ರತಿ, ತಯಾರಕರ ಅನುಮತಿ ಪತ್ರ, ಜಾಬ್ ಕಾರ್ಡ್, ಕೂಲಿಯ ಬಿಲ್ ಮತ್ತು ಯಂತ್ರ ಖರೀದಿಸಿದ ಬಿಲ್ ಲಗತ್ತಿಸಿ. ಬೇರೆ ಪಾರ್ಟಿಗಳ ಸರಕೂ ಜಪ್ತಿಯಾಗಿದ್ದರೆ ಅವರಿಗೂ ತಿಳಿಸಿ, ಏಕೆಂದರೆ ಆ 15 ದಿನ ಅವರಿಗೂ ಓಡುತ್ತಿರುತ್ತದೆ.